ಹನ್ನೊಂದು ಮೂಗಿಗೆ ಒಂದು ಕನ್ನಡಕ

ನನ್ನ ನಾದಿನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ನಿಜ ಹೇಳಿ ಅವಳನ್ನು ಯಾಮಾರಿಸಿದವರು ಮಾತ್ರ ಹನ್ನೊಂದು ಜನ ಇದ್ದೇವೆ. ನಾನೂ ಅವರಲ್ಲಿ ಒಬ್ಬಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರಾದರೂ ಅದನ್ನೇ ಎತ್ತಿ ಆಡುವುದು ಬೇಡ.

ಅವಳು ನನ್ನ ಗಂಡನ ತಂಗಿ. ನಮ್ಮ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಇಪ್ಪತ್ತಾರು ವರ್ಷ ನೀರಿನ ಮೀಟರ್ ಓದುವ ಕೆಲಸ ಮಾಡಿದ್ದರಿಂದ ಬೀದಿಗೆಲ್ಲ ಅವಳು ಮೀಟರಕ್ಕ. ಹೆಗಲಿಗೊಂದು ಚೀಲ, ಕೈಯಲ್ಲಿ ಟಾರ್ಚು, ಕಿವಿಯ ಹಿಂದೆ ಪೆನ್ನು. ಗೇಟಿನ ಪಕ್ಕ ಕೂತು ಮುಚ್ಚಳ ಎತ್ತಿ, ಗಾಜಿನ ಮೇಲಿನ ಮಣ್ಣು ಒರೆಸಿ, ಅಂಕಿ ಬರೆದುಕೊಂಡು ಎದ್ದರೆ ಮುಗಿಯಿತು. ಮನೆಯವರ ಮುಖ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಯಾವ ಮನೆಯ ನಾಯಿಯಿಂದ ದೂರ ನಿಲ್ಲಬೇಕು, ಯಾವ ಮನೆಯಲ್ಲಿ ನಾಯಿಗಿಂತ ಯಜಮಾನನಿಂದಲೇ ದೂರ ನಿಲ್ಲಬೇಕು ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಒಮ್ಮೆ ಒಂದು ಸಂಬಂಧ ಕೂಡಿ ಬರುವ ಹಾಗಿತ್ತು. ಆ ಮನೆಯ ಮೀಟರನ್ನು ತಾನೇ ಓದುತ್ತಿದ್ದವಳು, "ಇಬ್ಬರೇ ಇರೋ ಮನೇಲಿ ಅಷ್ಟು ನೀರು ಹೋಗುತ್ತೆ ಅಂದ್ರೆ ಏನೋ ಸರಿ ಇಲ್ಲ ಅಣ್ಣ" ಎಂದು ಬೇಡವೆಂದಳು. ಆಮೇಲೆ ಯಾರೂ ಆ ಸುದ್ದಿ ಎತ್ತಲಿಲ್ಲ. ಅವಳಿಗೂ ಅದರಿಂದ ನಷ್ಟವಾದಂತೆ ಕಾಣಲಿಲ್ಲ.

ಮೂರು ವರ್ಷದ ಹಿಂದೆ ತಾವೇ ಅಂಕಿ ಕಳಿಸುವ ಹೊಸ ಮೀಟರುಗಳು ಬಂದವು, ಇವಳ ಕೆಲಸ ಹೋಯಿತು. ಆ ಕೆಲವು ತಿಂಗಳು ನಾನು ಪಟ್ಟ ಪಾಡು ನನಗೇ ಗೊತ್ತು. ಬಚ್ಚಲಿನ ನಲ್ಲಿ ನಿಮಿಷಕ್ಕೆ ಎಷ್ಟು ಹನಿ ಸೋರುತ್ತದೆ, ನಾನು ಪಾತ್ರೆ ತೊಳೆಯಲು ಎಷ್ಟು ಬಕೆಟ್ ಸುರಿಯುತ್ತೇನೆ ಎಂದು ಎಣಿಸುತ್ತಾ ಅಡುಗೆಮನೆಯ ಬಾಗಿಲಲ್ಲೇ ನಿಂತಿರುತ್ತಿದ್ದಳು. ಆರೋಗ್ಯ ಇಲಾಖೆಯವರು ಮನೆ ಮನೆ ಸಮೀಕ್ಷೆಗೆ ಜನ ಬೇಕು ಎಂದಾಗ ಅರ್ಜಿ ತಂದುಕೊಟ್ಟವಳು ನಾನೇ. ಪ್ರೀತಿಯಿಂದ ಏನಲ್ಲ, ನನ್ನ ತಲೆ ಉಳಿಯಲಿ ಎಂದು.

ಸಮೀಕ್ಷೆ ಇಷ್ಟೇ. ನೋಡಲು, ಕೇಳಲು, ನಡೆಯಲು, ಹಿಡಿಯಲು ಯಾರಿಗೆ ಎಷ್ಟು ಕಷ್ಟವಿದೆ; ಅದಕ್ಕೆ ಅವರ ಹತ್ತಿರ ಏನು ಸಾಧನವಿದೆ; ಏನು ಬೇಕಿತ್ತು, ಯಾಕೆ ಸಿಕ್ಕಿಲ್ಲ. ಪ್ರತಿಯೊಬ್ಬರನ್ನೂ ಅವರವರನ್ನೇ ಕೇಳಬೇಕು, ಮನೆಯ ಹಿರಿಯರು ಎಲ್ಲರ ಪರವಾಗಿ ಉತ್ತರಿಸುವ ಹಾಗಿಲ್ಲ. ತೋರಿಸಲು ಒಂದು ಚಿತ್ರಗಳ ಹಾಳೆ ಕೊಟ್ಟಿದ್ದರು: ಕನ್ನಡಕ, ಕಿವಿಯ ಮಿಷನ್ನು, ಊರುಗೋಲು, ಗಾಲಿಕುರ್ಚಿ, ಕೃತಕ ಕಾಲು, ಕೂತು ಸ್ನಾನ ಮಾಡುವ ಸ್ಟೂಲು. ಕೊರತೆ ಎಲ್ಲೆಲ್ಲಿ ಹೆಚ್ಚಿದೆಯೋ ಆ ಬಡಾವಣೆಗಳಿಗೆ ಕಣ್ಣು ಕಿವಿ ಪರೀಕ್ಷೆ ಮಾಡಿ, ಬೇಕಾದ್ದನ್ನು ಸ್ಥಳದಲ್ಲೇ ಕೊಡುವ ಗಾಡಿ ಬರುತ್ತದೆ ಎಂಬುದು ಇಲಾಖೆಯ ಮಾತು.

ಸಂಜೆ ಊಟಕ್ಕೆ ಕೂತಾಗ ಅವಳ ವರದಿ ಶುರುವಾಗುತ್ತಿತ್ತು. ಮಂಡಿ ನೋವಿನ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕುರ್ಚಿಯನ್ನು ಮುಂದೆ ತಳ್ಳಿಕೊಂಡು ಮನೆಯೆಲ್ಲ ಓಡಾಡುತ್ತಾಳಂತೆ. ಸಾಧನ ಇದೆಯೇ ಎಂದರೆ ಇಲ್ಲ ಎಂದಳಂತೆ, ಹೇಳುವಾಗ ಆ ಕುರ್ಚಿಯನ್ನೇ ಹಿಡಿದು ನಿಂತಿದ್ದಳಂತೆ. ಇನ್ನೊಬ್ಬ ಮುದುಕ, "ನನ್ನ ಕಿವಿ ಚೆನ್ನಾಗಿದೆ, ಜನ ಮಾತಾಡೋದೇ ಕಮ್ಮಿ ಮಾಡಿದಾರೆ" ಎಂದನಂತೆ.

"ಮೀಟರ್ ಎಷ್ಟೋ ವಾಸಿ ಅತ್ತಿಗೆ," ಎನ್ನುತ್ತಿದ್ದಳು. "ಮುಚ್ಚಳ ತೆಗೆದ್ರೆ ಅಂಕಿ ಕಾಣ್ತಿತ್ತು. ಇಲ್ಲಿ ಅವರು ಬಾಯಲ್ಲಿ ಹೇಳಿದ್ದನ್ನೇ ನಂಬಬೇಕು."

ನಂಬಿ ನಂಬಿ ಇನ್ನೂರ ನಲವತ್ತು ಮನೆ ಮುಗಿಸಿದಳು. ಇಲಾಖೆಯ ಸಭೆಯಲ್ಲಿ ಅವಳ ಹಾಳೆಗಳನ್ನು ಎತ್ತಿ ತೋರಿಸಿ, ಒಂದೂ ತಪ್ಪಿಲ್ಲ, ಎಲ್ಲರೂ ಹೀಗೆ ಬರೆಯಬೇಕು ಎಂದು ಹೊಗಳಿದರಂತೆ. ಆ ದಿನ ಮೆಟ್ಟಿಲು ಹತ್ತುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಇನ್ನು ನಮ್ಮ ಹೊಲಿಗೆ ಕಾರ್ಖಾನೆಯ ವಿಷಯ ಹೇಳಬೇಕು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಉದ್ದನೆಯ ಒಂದು ಕೋಣೆ, ಏಳು ಮಿಷನ್ನು, ಒಂದು ಕತ್ತರಿಸುವ ಮೇಜು, ಹಿಂದೆ ಬಟ್ಟೆಯ ಥಾನುಗಳನ್ನಿಡುವ ಕತ್ತಲೆ ಕೋಣೆ. ಶಾಲೆಗಳ ಸಮವಸ್ತ್ರ ಹೊಲಿಯುತ್ತೇವೆ. ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಚಿಕ್ಕವಳಿಗೇ ನಲವತ್ತೆಂಟು. ಹಾಗಾಗಿ ಕನ್ನಡಕ ಎಲ್ಲರಿಗೂ ಬೇಕು. ಕನ್ನಡಕ ಇತ್ತು ಕೂಡ. ಹಳೆಯ ಕಟಿಂಗ್ ಮಾಸ್ಟರು ಕೆಲಸ ಬಿಡುವಾಗ ಉಳಿಸಿ ಹೋದದ್ದು. ಒಂದು ಕಡ್ಡಿ ಮುರಿದ ಮೇಲೆ ಆ ಕಡೆಗೆ ಚಡ್ಡಿಗೆ ಹಾಕುವ ನೀಲಿ ಎಲಾಸ್ಟಿಕ್ ಹೊಲಿದಿದ್ದೆವು. ಗೋಡೆಯ ಮೊಳೆಗೆ ನೇತುಹಾಕಿರುತ್ತಿತ್ತು.

ಅದರ ಮೇಲೆಯೇ ನಮ್ಮ ದಿನ ನಡೆಯುತ್ತಿತ್ತು. ಬೆಳಿಗ್ಗೆ ಬಂದ ತಕ್ಷಣ ಒಬ್ಬರು ಅದನ್ನು ಹಾಕಿಕೊಂಡು ಅರವತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡಬೇಕು, ಅದು ಎಲ್ಲರಿಗೂ ದಿನಕ್ಕಾಗುವಷ್ಟು. ಆಮೇಲೆ ಹತ್ತರವರೆಗೆ ಈಗಿನ ಕಟಿಂಗ್ ಮಾಸ್ಟರು. ಹತ್ತರಿಂದ ಹನ್ನೆರಡು ಕಾಜ ಹಾಕುವ ನಮ್ಮ ಚಿಕ್ಕಮ್ಮ. ಊಟದ ನಂತರ ಗುಂಡಿಯವರು, ಅಂಚು ಮಡಿಸುವವರು. ನನ್ನ ಸರದಿ ನಾಲ್ಕಕ್ಕೆ. ಒಬ್ಬರ ಮೂಗಿನಿಂದ ಇನ್ನೊಬ್ಬರ ಮೂಗಿಗೆ ದಾಟುವಾಗ ಸ್ವಲ್ಪ ಜಗಳವಾಗುತ್ತಿತ್ತು, ಅದೂ ಕೆಲಸದ ಒಂದು ಭಾಗವೇ. ಹೊಸದೊಂದು ತರಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಇತ್ತಲ್ಲ. ಬೀದಿಗೆಲ್ಲ ಒಂದೇ ನಲ್ಲಿ ಇದ್ದರೂ ನೀರಿದೆಯಾ ಎಂದು ಕೇಳಿದರೆ ಇದೆ ಎಂದೇ ಹೇಳುತ್ತೇವೆ. ಹಾಗೆಯೇ ಇದು.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ನನಗೆ ಸೂಜಿ ಹಿಡಿಯಲು ಕಲಿಸಿದವಳು ಅವಳೇ. ಷರ್ಟಿನ ಕಾಜ ಮಿಷನ್ನಿನಲ್ಲಿ ಆಗುತ್ತದೆ. ಕೋಟಿನ ಕಾಜ, ಅಂದರೆ ಗುಂಡಿ ತೂರುವ ಆ ರಂಧ್ರದ ಅಂಚು, ಕೈಯಲ್ಲೇ ಆಗಬೇಕು. ನಲವತ್ತು ವರ್ಷದಿಂದ ಆ ಕೆಲಸ ಅವಳದು. ಈಗ ಎರಡು ವರ್ಷದಿಂದ ಅವಳ ಕಾಜ ಸೊಟ್ಟಗಾಗಲು ಶುರುವಾಗಿತ್ತು. ಈ ಸಲ ಒಂದು ಶಾಲೆಯವರು ನಲವತ್ತು ಕೋಟು ವಾಪಸು ಕಳಿಸಿದರು. ಮಾಲೀಕರು ಬಯ್ಯಲಿಲ್ಲ. ಚಿಕ್ಕಮ್ಮನೇ ಕೋಟುಗಳನ್ನು ಬಿಚ್ಚಿ ಕೂತು, "ಕೈ ಹೋಯ್ತು ಕಣಮ್ಮ. ಮಾತು ಕೇಳ್ತಾ ಇಲ್ಲ. ತಿಂಗಳ ಕೊನೇವರೆಗೆ ಬರ್ತೀನಿ, ಸಾಕು" ಎಂದಳು.

ತಪ್ಪು ಕಣ್ಣಿನದಿರಬಹುದು ಎಂದು ನಮಗೆ ಅನ್ನಿಸಲೇ ಇಲ್ಲ. ಕನ್ನಡಕ ಹಾಕಿಕೊಂಡೇ ತಾನೇ ಹೊಲಿಯುತ್ತಿದ್ದಳು. ಆ ದಿನಗಳಲ್ಲಿ ನನಗೆ ಮನೆಯವರ ಮೇಲೆಲ್ಲ ಸಿಡಿಮಿಡಿ. ಆ ಸಿಡಿಮಿಡಿಯಲ್ಲೇ ಒಂದು ಬೆಳಿಗ್ಗೆ ಊಟದ ಡಬ್ಬಿ ಮರೆತು ಬಂದೆ. ಹತ್ತೂವರೆಗೆ ನಾದಿನಿ ಅದನ್ನು ಹಿಡಿದುಕೊಂಡು ಕಾರ್ಖಾನೆಯ ಬಾಗಿಲಲ್ಲಿ ನಿಂತಳು.

ಅದೇ ಹೊತ್ತಿಗೆ ಕಟಿಂಗ್ ಮಾಸ್ಟರು, "ಒಂದೇ ನಿಮಿಷ ಕೊಡಿ ಚಿಕ್ಕಮ್ಮ, ಗುರುತು ಕಾಣ್ತಿಲ್ಲ" ಎಂದು ಚಿಕ್ಕಮ್ಮನ ಮೂಗಿನಿಂದ ಕನ್ನಡಕ ಎತ್ತಿ ತಾವು ಹಾಕಿಕೊಂಡರು.

ನಾದಿನಿ ಅದನ್ನು ನೋಡಿದಳು. ಡಬ್ಬಿ ಮೇಜಿನ ಮೇಲಿಟ್ಟಳು. "ಅತ್ತಿಗೆ, ನಿಮ್ಮ ಕನ್ನಡಕ ಎಲ್ಲಿ?"

"ಅದೇ ಅಲ್ಲಿ."

"ಅದು ಮಾಸ್ಟರ ಮೂಗಿನ ಮೇಲಿದೆ."

"ಈಗ ಅವರದು. ನಾಲ್ಕು ಗಂಟೆಗೆ ನಂದು."

"ಚಿಕ್ಕಮ್ಮಂದು?"

"ಅದೇ."

ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದಳು. ಒಂಬತ್ತು ಜನರನ್ನು ಅವಳೇ ಅವರವರ ಮನೆಗೆ ಹೋಗಿ ಕೇಳಿದ್ದಳು. ಕನ್ನಡಕ ಇದೆಯಾ? ಇದೆ. ಎಲ್ಲಿದೆ? ಕೆಲಸದಲ್ಲಿದೆ. ಯಾರೂ ಸುಳ್ಳು ಹೇಳಿರಲಿಲ್ಲ. ಸ್ವಂತದವರ ಮನೆಗಳನ್ನು ತಾನು ಬರೆಯುವ ಹಾಗಿಲ್ಲವಾದ್ದರಿಂದ ನನ್ನನ್ನೂ ಚಿಕ್ಕಮ್ಮನನ್ನೂ ಅವಳ ಜೊತೆಯವಳು ಕೇಳಿದ್ದಳು, ಅಲ್ಲೂ ಅದೇ ಉತ್ತರ. ಅವಳು ಬಟ್ಟೆಯ ಮೂಟೆಯ ಮೇಲೆ ಕುಸಿದು ಕೂತಳು. ಮೊದಲು ಬಯ್ಯುತ್ತಾಳೆ ಎಂದುಕೊಂಡೆ. ಇಲ್ಲ, ನಗಲು ಶುರುಮಾಡಿದಳು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ಥಟ್ಟನೆ ನಗು ನಿಲ್ಲಿಸಿ, "ಗಾಡಿ ಬರಲ್ಲ ಅತ್ತಿಗೆ, ಇದರಿಂದ್ಲೇ" ಎಂದಳು.

ಬೇಕಿದ್ದೂ ಕನ್ನಡಕವಿಲ್ಲದವರು ನೂರು ಮುಟ್ಟಿದರೆ ಮಾತ್ರ ಆ ಬಡಾವಣೆಗೆ ಗಾಡಿ. ನಮ್ಮಲ್ಲಿ ತೊಂಬತ್ತೆರಡು ಬಂದಿತ್ತು. ಇಲಾಖೆಯ ಗೋಡೆಗೆ ಪಟ್ಟಿ ಅಂಟಿಸಿಯೂ ಆಗಿತ್ತು; ತಿದ್ದುವುದಿದ್ದರೆ ಶುಕ್ರವಾರದೊಳಗೆ. ನಮ್ಮ ಹನ್ನೊಂದರಲ್ಲಿ ಹತ್ತು ಜನ ಇಲ್ಲದವರ ಲೆಕ್ಕಕ್ಕೆ ಸೇರಬೇಕಿತ್ತು. ತೊಂಬತ್ತೆರಡಕ್ಕೆ ಹತ್ತು ಕೂಡಿಸಲು ನನಗೂ ಬರುತ್ತದೆ.

"ಅಷ್ಟೇ ತಾನೇ," ಎಂದೆ. "ಎಲ್ರಿಗೂ ಹೇಳಿಕೊಡ್ತೀನಿ. ಕೇಳಿದ್ರೆ ಇಲ್ಲ ಅಂದುಬಿಡಿ ಅಂತ."

ಅವಳು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. "ಮೀಟರಿನ ಮುಳ್ಳು ಕೈಯಲ್ಲಿ ತಿರುಗಿಸೋದು ಅಂದ್ರೆ ಇದೇ. ಇಪ್ಪತ್ತಾರು ವರ್ಷ ಅದನ್ನ ಹಿಡಿದುಕೊಟ್ಟವಳು ನಾನು. ಯಾರಿಗಾದ್ರೂ ಒಂದು ಮಾತು ಹೇಳಿಕೊಟ್ರೆ ಮಹಡಿಯಿಂದ ಕೆಳಗೆ ಇಳಿಯಲ್ಲ ನೋಡಿ." ಮಹಡಿಯಿಂದ ಇಳಿಯದಿದ್ದರೆ ನನಗೇನೂ ತೊಂದರೆ ಇರಲಿಲ್ಲ, ಆದರೂ ಯಾರಿಗೂ ಹೇಳಿಕೊಡಲು ಹೋಗಲಿಲ್ಲ.

ಮಧ್ಯಾಹ್ನವೇ ಇಲಾಖೆಗೆ ಹೋಗಿ, ತಪ್ಪಿಲ್ಲ ಎಂದು ಹೊಗಳಿಸಿಕೊಂಡ ಹಾಳೆಗಳಲ್ಲಿ ತಪ್ಪಿದೆ ಎಂದು ತಾನೇ ಹೇಳಿದಳು. ಮೇಲ್ವಿಚಾರಕಿ ಮೂವತ್ತು ದಾಟದ ಹುಡುಗಿ, ಇಸ್ತ್ರಿ ಮಾಡಿದ ಹಾಗೆ ಮಾತಾಡುತ್ತಾಳೆ. ಅವಳ ಅನುಮಾನವೂ ನ್ಯಾಯವೇ ಆಗಿತ್ತು. ಗಾಡಿ ತಪ್ಪಿದ ಮೇಲೆ, ಅತ್ತಿಗೆ ಕೆಲಸ ಮಾಡುವ ಜಾಗದಿಂದಲೇ ಸರಿಯಾಗಿ ಹತ್ತು ಜನ ಹೆಚ್ಚು ಸಿಕ್ಕರೆ ಯಾರು ನಂಬುತ್ತಾರೆ? ಕೊನೆಗೆ, "ನಾನೇ ಬಂದು ಕೇಳ್ತೀನಿ. ನೀವು ಬರಬಹುದು, ಬಾಯಿ ಬಿಡೋ ಹಾಗಿಲ್ಲ. ಅಲ್ಲೂ ಇದೆ ಅಂತ್ಲೇ ಬಂದ್ರೆ ನಿಮ್ಮ ಇನ್ನೂರ ನಲವತ್ತು ಮನೆಯನ್ನೂ ಬೇರೆಯವರು ಮತ್ತೆ ಕೇಳ್ತಾರೆ" ಎಂದಳಂತೆ. ಹೂಂ ಎಂದು ಬಂದಳು ನನ್ನ ನಾದಿನಿ.

ಶುಕ್ರವಾರ ಬೆಳಿಗ್ಗೆ ಬಂದರು. ನಿಯಮದ ಪ್ರಕಾರ ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಬೇಕಾದ್ದರಿಂದ, ಹಿಂದಿನ ಕೋಣೆಯಲ್ಲಿ ಬಟ್ಟೆಯ ಥಾನುಗಳ ನಡುವೆ ಮೇಲ್ವಿಚಾರಕಿ ಕೂತಳು. ಮೂಲೆಯಲ್ಲಿ ನಾದಿನಿ, ಹಲ್ಲು ಕಚ್ಚಿಕೊಂಡು. ಮೊದಲು ಹೋದವರು ಕಟಿಂಗ್ ಮಾಸ್ಟರು. ನಾನು ಬಾಗಿಲ ಪಕ್ಕದ ಮಿಷನ್ನಿನಲ್ಲೇ ಕೂತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ನಿಮ್ಮ ಹತ್ರ ಕನ್ನಡಕ ಇದೆಯಾ?"

"ಇಲ್ದೆ ಏನ್ ತಾಯಿ? ಕನ್ನಡಕ ಇಲ್ದೆ ಇಷ್ಟು ಬಟ್ಟೆ ಕತ್ತರಿಸ್ತೀವಾ ನಾವು?"

ಎರಡನೆಯವರು, ಇದೆ. ಮೂರನೆಯವಳು ನಾನು. ಒಳಗೆ ಹೋಗುವಾಗ ಇಲ್ಲ ಎಂದೇ ಹೇಳಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೆ. ನಾದಿನಿಯ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. "ಇದೆ, ಆದ್ರೆ..." ಎಂದೆ. "ಇದೆ ಅಥವಾ ಇಲ್ಲ, ಅಷ್ಟು ಹೇಳಿದ್ರೆ ಸಾಕು ಅಮ್ಮ" ಎಂದು ಆ ಹುಡುಗಿ ಇದೆ ಎಂಬುದರ ಮುಂದೆ ಗುರುತು ಹಾಕಿದಳು. ಅವಳ ತಪ್ಪಲ್ಲ, ಆದರೂ ಆ ಗಳಿಗೆಯಲ್ಲಿ ಅವಳ ಜಡೆ ಹಿಡಿದು ಎಳೆಯಬೇಕೆನ್ನಿಸಿತು.

ಆಗ ನಾದಿನಿ ಎದ್ದಳು. ಮಾತಾಡಲಿಲ್ಲ. ಚೀಲದಿಂದ ಸಮೀಕ್ಷೆಯ ಸೂಚನೆಗಳ ಪುಸ್ತಕ ತೆಗೆದು, ಒಂದು ಪುಟ ಬಿಡಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಹುಡುಗಿಯ ಮುಂದೆ ಹಿಡಿದಳು. ಸಾಧ್ಯವಿದ್ದಲ್ಲಿ ಸಾಧನವನ್ನು ಕಣ್ಣಾರೆ ನೋಡತಕ್ಕದ್ದು ಎಂದು ಅಲ್ಲಿತ್ತು. ಮನೆಗಳಲ್ಲಿ ಹೊತ್ತು ಉಳಿಸಲು ಎಲ್ಲರೂ ಹಾರಿಸಿಬಿಡುತ್ತಿದ್ದ ಸಾಲು ಅದು, ಅವಳೂ ಹಾರಿಸಿದ್ದಳು.

"ಸರಿ," ಎಂದಳು ಹುಡುಗಿ. "ಮುಂದಿನವರು ಕನ್ನಡಕ ಹಾಕ್ಕೊಂಡೇ ಬನ್ನಿ."

ನಾಲ್ಕನೆಯವಳು ಮೊಳೆಯಿಂದ ತೆಗೆದು ಹಾಕಿಕೊಂಡು ಹೋದಳು. ಹೊರಗೆ ಬರುತ್ತಲೇ ಐದನೆಯವಳಿಗೆ ದಾಟಿಸಿದಳು. ಐದನೆಯವಳು ಆರನೆಯವನಿಗೆ. ಇದರಲ್ಲಿ ಮೋಸವೇನೂ ಇರಲಿಲ್ಲ, ದಿನವೂ ನಾವು ಮಾಡುವುದೇ ಅದು. ಆರನೆಯವನು ಗುಂಡಿ ಹಚ್ಚುವವನು, ಎಂದೂ ಯಾವ ಅಧಿಕಾರಿಯ ಎದುರೂ ಕೂತವನಲ್ಲ. ತಲೆ ಬಾಚಿಕೊಂಡು, ಕನ್ನಡಕ ಏರಿಸಿಕೊಂಡು, ಫೋಟೋ ತೆಗೆಸಿಕೊಳ್ಳುವವನ ಹಾಗೆ ಕೂತ.

ಒಳಗೆ ಪೆನ್ನು ಕೆಳಗಿಟ್ಟ ಸದ್ದು. ಆಮೇಲೆ ಹುಡುಗಿಯ ದನಿ: "ಇಲ್ಲಿ ಎಲ್ರ ಕನ್ನಡಕಕ್ಕೂ ಒಂದು ಕಡೆ ನೀಲಿ ಎಲಾಸ್ಟಿಕ್ ಇರುತ್ತಾ?"

"ಎಲ್ರದಕ್ಕೂ ಅಂದ್ರೆ, ಇದಕ್ಕೆ ಇದೆ ಮೇಡಂ. ನಾನೇ ಹೊಲಿದಿದ್ದು," ಎಂದ ಅವನು ಹೆಮ್ಮೆಯಿಂದ.

ಹುಡುಗಿ ಎದ್ದು ಹೊರಗೆ ಬಂದಳು. "ಎಲ್ರೂ ನಿಮ್ಮ ನಿಮ್ಮ ಕನ್ನಡಕ ಹಾಕ್ಕೊಂಡು ಸಾಲಾಗಿ ನಿಂತ್ಕೊಳ್ಳಿ" ಎಂದಳು. ನಿಂತೆವು. ಹನ್ನೊಂದು ಮುಖ, ಒಂದು ಕನ್ನಡಕ, ಅದೂ ಗುಂಡಿಯವನ ಮುಖದ ಮೇಲೆ. ಮೊದಲು ಕಿಸಕ್ಕೆಂದವಳು ಚಿಕ್ಕಮ್ಮ. ಆಮೇಲೆ ಮಾಸ್ಟರು, ಆಮೇಲೆ ಎಲ್ಲರೂ. ಹೊಟ್ಟೆ ಹಿಡಿದುಕೊಂಡು ನಗುವವರ ನಡುವೆ ಆ ಹುಡುಗಿಯೂ ಇಸ್ತ್ರಿ ಕೆಟ್ಟು ನಕ್ಕುಬಿಟ್ಟಳು.

"ಈಗ ಬಾಯಿ ಬಿಡಬಹುದಾ?" ಎಂದು ಕೇಳಿದಳು ನಾದಿನಿ. "ಬರ್ಕೊಳ್ಳಿ ಮೇಡಂ. ಮೀಟರು ನಿಮ್ಮ ಮುಂದೇ ಇದೆ."

ನೂರಾ ಎರಡು ಎಂದು ಪಟ್ಟಿ ತಿದ್ದಿದರು. ಗಾಡಿ ಅದಾದ ಮೂರನೆಯ ವಾರ ಬಂತು, ಚಿಕ್ಕಮ್ಮನ ತಿಂಗಳು ಮುಗಿಯಲು ಇನ್ನೂ ಐದು ದಿನವಿತ್ತು. ಶಾಲೆಯ ಅಂಗಳದಲ್ಲಿ ನಿಲ್ಲಿಸಿ ಒಂದು ತರಗತಿಯಲ್ಲಿ ಕಣ್ಣು, ಇನ್ನೊಂದರಲ್ಲಿ ಕಿವಿ ನೋಡುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಯ ಅಜ್ಜಿಯನ್ನೂ, ಜನ ಮಾತಾಡುವುದು ಕಮ್ಮಿಯಾಗಿದೆ ಎಂದ ಮುದುಕನನ್ನೂ ನಾದಿನಿಯೇ ಕರೆತಂದು ಸಾಲಿನಲ್ಲಿ ನಿಲ್ಲಿಸಿದಳು. ಮೈಮೇಲೆ ಬಂದವಳ ಹಾಗೆ ಓಡಾಡುತ್ತಿದ್ದಳು. ಕಾರ್ಖಾನೆಯವರೆಲ್ಲ ಒಂದು ದಿನ ಮಿಷನ್ನು ನಿಲ್ಲಿಸಿ ಬಂದಿದ್ದೆವು. ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಿಸಲಾಗದೆ ಕೂತು, ಹೊಸ ಕನ್ನಡಕ ಹಾಕಿಕೊಂಡು ಒಬ್ಬರ ಅಂಗಿಯ ಹೊಲಿಗೆಯಲ್ಲಿ ಇನ್ನೊಬ್ಬರು ತಪ್ಪು ಹುಡುಕಿದೆವು. ಬೇಕಾದಷ್ಟು ಸಿಕ್ಕವು.

ಚಿಕ್ಕಮ್ಮನ ಸರದಿ ಕೊನೆಗೆ ಬಂತು. ಪರೀಕ್ಷೆ ಮಾಡುವಾತ ಒಂದೊಂದೇ ಗಾಜು ಬದಲಿಸಿ ಬದಲಿಸಿ ನೋಡಿದ. ನಮ್ಮ ಹಳೆಯ ಕನ್ನಡಕವನ್ನೂ ಇಸಿದುಕೊಂಡು ನೋಡಿದ.

"ಇದು ಎರಡು ನಂಬರಿಂದು ಅಮ್ಮ. ನಿಮಗೆ ಮೂರೂವರೆ ಬೇಕು. ಇದರಲ್ಲಿ ಸೂಜಿ ಹೇಗೆ ಕಾಣ್ತಿತ್ತು ನಿಮಗೆ?"

"ಕಾಣ್ತಿತ್ತಪ್ಪ," ಎಂದಳು ಚಿಕ್ಕಮ್ಮ. "ಹೊಗೆಯೊಳಗೆ ಇದ್ದ ಹಾಗೆ. ಎಲ್ರಿಗೂ ಹಾಗೇ ಅಂದ್ಕೊಂಡಿದ್ದೆ."

ನಾದಿನಿ ನನ್ನ ಪಕ್ಕದಲ್ಲಿ ನಿಂತಿದ್ದಳು. "ಅವರ ಹಾಳೆ ನೋಡಿದೀನಿ ಅತ್ತಿಗೆ," ಎಂದಳು ಮೆಲ್ಲಗೆ. "ಕಣ್ಣಿಗೆ ಕನ್ನಡಕ ಇದೆ, ಕೈಗೆ ಕಷ್ಟ ಇದೆ ಅಂತ ಬರೆದಿದಾರೆ. ನಾನು ಹೋಗಿದ್ರೂ ಹಾಗೇ ಬರೀತಿದ್ದೆ. ಇದೆ ಅಂದ್ರೆ ಸಾಲದು, ಅದು ಸರಿಹೋಗುತ್ತಾ ಅಂತ ನಾವು ಕೇಳ್ಲೇ ಇಲ್ಲ." ಅವಳ ತೋಳು ಹಿಡಿದುಕೊಂಡೆ. ಇಂಥವಳು ನಮ್ಮ ಮನೆಯ ಮಹಡಿಯಲ್ಲಿರುವುದು ನಮ್ಮ ಪುಣ್ಯ ಎನ್ನಿಸಿತು, ಎನ್ನಿಸಿದ್ದನ್ನು ಅವಳಿಗೆ ಹೇಳಲು ಹೋಗಲಿಲ್ಲ.

ಆತ ಹೊಸ ಕನ್ನಡಕ ಹಾಕಿದ. ಚಿಕ್ಕಮ್ಮ ಸುತ್ತ ಯಾರನ್ನೂ ನೋಡಲಿಲ್ಲ. ನನ್ನ ಕಡೆಗೆ ಕೈ ಚಾಚಿ, "ಸೂಜಿ ಕೊಡು" ಎಂದಳು. ರವಿಕೆಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದುಕೊಟ್ಟೆ, ಸೆರಗಿನ ಅಂಚಿನಿಂದ ಒಂದೆಳೆ ದಾರವನ್ನೂ ಎಳೆದುಕೊಟ್ಟೆ. ಒಂದೇ ಸಲಕ್ಕೆ ಪೋಣಿಸಿದಳು. ಅಲ್ಲೇ, ಆ ಬೆಂಚಿನ ಮೇಲೆಯೇ, ತನ್ನ ಕರವಸ್ತ್ರದ ಮೂಲೆಯಲ್ಲಿ ಐದಾರು ಹೊಲಿಗೆ ಹಾಕಿದಳು. ಒಂದಕ್ಕೊಂದು ಅಂಟಿಕೊಂಡು, ಅಳೆದಿಟ್ಟ ಹಾಗೆ ನಿಂತವು. ಅದನ್ನು ಮಡಿಲಲ್ಲಿಟ್ಟು ಎರಡೂ ಕೈಗಳನ್ನು ಮುಖದ ಮುಂದೆ ಎತ್ತಿ ಹಿಡಿದು ತುಂಬ ಹೊತ್ತು ನೋಡಿದಳು. ಕೈ ಅಲುಗಲಿಲ್ಲ.

"ಎರಡು ವರ್ಷ ಇದಕ್ಕೆ ಬೈದಿದೀನಿ ನಾನು," ಎಂದಳು. ಎಡಗೈಯಿಂದ ಬಲಗೈಯನ್ನು ಸವರಿದಳು, ಪೆಟ್ಟು ತಿಂದ ಮಗುವನ್ನು ಸವರುವ ಹಾಗೆ. ಆಮೇಲೆ ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು, ನನ್ನ ಕಡೆ ತಿರುಗಿದಳು.

"ಸೋಮವಾರ ಎಷ್ಟು ಕೋಟು ಬರ್ತವೆ?"